ಗಾಳಿ ನುಸುಳದ ಬಟ್ಟೆ

ಇಳಕಲ್ಲಿನ ನೇಕಾರರ ಓಣಿಯ ಕಾಸಿಂಬಿ ದೊಡ್ಡ ಮನೆತನದವಳಲ್ಲ. ಬಾವಿ ತೋಡಿಸಿ, ಛತ್ರ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವಳೂ ಅಲ್ಲ. ಹುನಗುಂದದಲ್ಲಿ ಹುಟ್ಟಿ, ಇಳಕಲ್ಲಿನ ಮಲೀಕಸಾಬನ ಕೈ ಹಿಡಿದು, ಅವನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಹರೆಯ ಸವೆಸಿದ ಹೆಂಗಸು. ಹಡೆದ ಕೂಸುಗಳು ಒಂದೂ ಉಳಿಯಲಿಲ್ಲ. ಗಂಡನಿಗೆ ಆಕೆ, ಆಕೆಗೆ ಗಂಡ. ಇಬ್ಬರ ನಡುವೆ ಒಂದು ಮಗ್ಗ. ಅರಸರ ಕಥೆ ಬರೆಯಲಿಕ್ಕೆ ಆಸ್ಥಾನದ ತುಂಬ ಜನ ಇರುತ್ತಾರೆ. ಇಂಥವಳು ಗಂಡನ ಜೀವ ಹಿಡಿದುಕೊಳ್ಳಲು ಪರದೇಶದ ಬಿಸಿಲಿನಲ್ಲಿ ಒಂದು ಹಗಲು ಪಟ್ಟ ಪಾಡನ್ನು ಯಾರಾದರೂ ಬರೆದಿಡಬೇಕು.

ಮಲೀಕಸಾಬನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ತುಳಿಗೆ ತುಳಿಯುತ್ತ ನೇಯುವುದು. ಬಿಸಿಗಾಳಿ ತಾಗಿದರೆ ನೂಲು ಪಟಪಟ ಹರಿಯುತ್ತದೆ ಎಂದು ನೇಕಾರ ಕಿಟಕಿ ಸಣ್ಣದಿಡುತ್ತಾನೆ, ನೆಲಕ್ಕೆ ನೀರು ಚಿಮುಕಿಸುತ್ತಾನೆ. ಹೊರಗೆ ಕಲ್ಲು ಸಿಡಿಯುವ ಬಿಸಿಲಿದ್ದರೂ ಕುಣಿಯಲ್ಲಿ ಕೂತವನ ಪಾದ ತಣ್ಣಗಿರುತ್ತವೆ. ನಡುವೆ ಏಳಬಾರದೆಂದು ಅವನು ನೀರನ್ನೂ ಹೆಚ್ಚು ಕುಡಿಯುವುದಿಲ್ಲ. ಮುಂಜಾನೆ ಕೂತರೆ ಮಧ್ಯಾಹ್ನದ ರೊಟ್ಟಿಯವರೆಗೆ ಗುಟುಕು ನೀರು ಮುಟ್ಟದಿರುವುದೇ ಮಲೀಕಸಾಬನ ಹೆಮ್ಮೆ. ತಾನು ಬಿಸಿಲುನಾಡಿನ ಗಂಡಸು ಎಂದು ಅವನು ಎದೆ ತಟ್ಟಿಕೊಳ್ಳುತ್ತಿದ್ದ. ಖರೆ ಹೇಳಬೇಕೆಂದರೆ ಬಿಸಿಲುನಾಡಿನಲ್ಲಿ ಹುಟ್ಟಿ ನೆರಳಿನಲ್ಲೇ ಬೆಳೆದ ಜೀವ ಅದು.

ದೊಡ್ಡ ಯುದ್ಧ ಮುಗಿದು, ಮುಂಬಯಿಯಿಂದ ಹಜ್ಜಿನ ಹಡಗುಗಳು ಮತ್ತೆ ಬಿಡತೊಡಗಿದ್ದವು. ಬಾಗಲಕೋಟೆಯಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದ ಹಾಜಿ ಇಮಾಮಹುಸೇನ, ತೀರಿಕೊಂಡ ತಾಯಿಯ ಹೆಸರಿನಲ್ಲಿ ಎರಡನೆಯ ಸಲ ಹೊರಟಿದ್ದ. ಮಲೀಕಸಾಬ ನೂಲು ತರುತ್ತಿದ್ದುದು ಅವನಲ್ಲಿಯೇ.

“ಒಬ್ಬಾಂವ ಹೋಗಾಕ ಬ್ಯಾಸರ ಬರ್ತದ, ಮಲೀಕಣ್ಣ. ಭಾಬಿನ್ನ ಕರ್ಕೊಂಡು ನೀನೂ ಬಾ. ದಾರಿ ನನಗ ಗೊತ್ತೈತಿ, ರಿವಾಜು ಗೊತ್ತೈತಿ. ಚಿಂತಿ ನನಗ ಬಿಡು,” ಎಂದ.

ಮಲೀಕಸಾಬ ಒಪ್ಪಿದ. ಹಜ್ಜಿಗೆ ಹೋಗುವ ಗಂಡಸು ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ ತೊಡಬೇಕು, ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಅದಕ್ಕೆ ಇಹರಾಮು ಎನ್ನುತ್ತಾರೆ. ತಿರುಗಿ ಬಂದ ಮೇಲೆ ಅದನ್ನೇ ತನ್ನ ಕಫನಿಗೆ, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆಗೆ, ಎತ್ತಿಡುವ ರೂಢಿಯೂ ಉಂಟು. ಊರವರಿಗೆಲ್ಲ ಸೀರೆ ನೇಯ್ದುಕೊಟ್ಟವನು ದೇವರ ಮನೆಗೆ ಅಂಗಡಿಯ ಬಟ್ಟೆ ಉಟ್ಟು ಹೋದಾನೆಯೇ? ತಾನೇ ನೇಯಲು ಕೂತ.

“ಗಟ್ಟಿಗೆ ನೇಯಿ,” ಎಂದ ಇಮಾಮಹುಸೇನ. “ನಾ ಹೋದಾಗ ಮಕ್ಕಾದ ಬದಿಯ ಮಿನಾದಾಗ ಥಂಡಿಗೆ ಹಲ್ಲು ಕಟಕಟ ಅಂತಿದ್ವು. ತೆಳ್ಳನ ಬಟ್ಟಿ ಹೊತ್ತಾವರು ಕೆಮ್ಮಿ ಕೆಮ್ಮಿ ಸುಣ್ಣಾದ್ರು.”

ಮಲೀಕಸಾಬನಿಗೆ ಅಷ್ಟು ಸಾಕಾಯಿತು. ಉದ್ದ ಹಾಸಿನ ಎಳೆಗಳಿಗೆ ಜೋಳದ ಗಂಜಿಯನ್ನು ಎರಡು ಸಲ ಉಣಿಸಿದ. ಅಡ್ಡ ಹೊಕ್ಕಿನ ಒಂದೊಂದು ಎಳೆ ಹಾಯ್ದ ಮೇಲೂ ಹಣಿಗೆಯನ್ನು ಮೈಯೆಲ್ಲ ಬಲ ಹಾಕಿ ಬಡಿದ. ಬಟ್ಟೆ ಮಗ್ಗದಿಂದ ಇಳಿದಾಗ ಹಲಗೆಯ ಹಾಗೆ ನಿಲ್ಲುತ್ತಿತ್ತು. ಓಣಿಯವರು ನೋಡಲು ಬಂದರು. ಅವನು ನಾಲ್ಕು ಮೂಲೆ ಹಿಡಿಸಿ, “ಇದರಾಗ ನೀರ ಹಾಕಿದ್ರ ಹನಿ ಇಳಿಯೂದಿಲ್ಲ ನೋಡ್ರಿ,” ಎಂದ. ಒಬ್ಬ ಚೆಂಬು ತರಲು ಓಡಿದ.

“ಏ, ಮುಟ್ಟಬ್ಯಾಡ್ರಲೇ!” ಎಂದು ಮಲೀಕಸಾಬ ಬಟ್ಟೆಯನ್ನು ಎದೆಗೆ ಅವಚಿಕೊಂಡ. “ಈ ಬಟ್ಟಿಗೆ ಮೊದಲ ನೀರು ಅಂದ್ರ ಮಕ್ಕಾದ ಜಮ್‌ಜಮ್ ಬಾವಿ ನೀರು. ಅಲ್ಲೀ ಮಟ ಒಂದ ಹನಿ ಬೀಳಬಾರದು. ಹಂಗಂತ ಮನ್ನತ ಹೊತ್ತೇನಿ.”

ಹೊಸ ಬಟ್ಟೆಯ ಗಂಜಿ ತೊಳೆದು, ಹಿಂಡಿ, ಮೆತ್ತಗೆ ಮಾಡಿಯೇ ಮೈಗೆ ಹಾಕಬೇಕೆಂಬುದು ಇಳಕಲ್ಲಿನ ಕೂಸಿಗೂ ಗೊತ್ತು. ಕಾಸಿಂಬಿಗೂ ಗೊತ್ತಿತ್ತು. ಆದರೆ ಹರಕೆಯ ಮಾತಿಗೆ ಎದುರಾಡಲು ಆಕೆಗೆ ಬಾಯಿ ಬರಲಿಲ್ಲ.

ಹೊರಟದ್ದು ಆಷಾಢದಲ್ಲಿ. ಮೋಡ ಕವಿದು, ಮನುಷ್ಯರನ್ನೇ ಹೊತ್ತೊಯ್ಯುವಂಥ ಥಂಡಿ ಗಾಳಿ. ಪಕ್ಕದ ಮನೆಯ ಗುರುಲಿಂಗವ್ವ ಉಡಿಯಲ್ಲಿ ಏನನ್ನೋ ಕಟ್ಟಿಕೊಂಡು ಗಾಡಿಯ ಹತ್ತಿರ ಬಂದಳು. ಕಾಸಿಂಬಿಯ ಬಾಣಂತನಗಳಿಗೆಲ್ಲ ನೀರು ಹಾಕಿದ ಮುದುಕಿ ಆಕೆ.

“ತಂಗೀ, ಹುಣಸಿಹಣ್ಣಿಗೆ ಉಪ್ಪು ಬೆಲ್ಲ ಹಾಕಿ ಕುಟ್ಟಿ ಉಂಡಿ ಮಾಡೇನಿ. ನೀರಾಗ ಕಲಿಸಿಕೊಂಡು ಕುಡೀರಿ. ಉಳ್ಳಾಗಡ್ಡಿನೂ ಅದಾವು. ನೀವು ಹೊಂಟದ್ದು ಉಸುಕಿನ ಸೀಮಿಗೆ ಅಂತಲ್ಲವಾ? ಉಸುಕು ಕಾದ್ರ ಏನಕ್ಕೈತಿ ಅಂತ ಪುಠಾಣಿ ಹುರಿಯೂ ಭಟ್ಟಿಯಾಗ ನೋಡಿಲ್ಲೇನು?”

ಮಲೀಕಸಾಬ ನಕ್ಕ. “ಯವ್ವಾ ಗುರುಲಿಂಗವ್ವಾ, ನಾವೇನ ಮಲೆನಾಡಿನ ಮಂದಿಯೇನು? ಇಳಕಲ್ಲ ಬಿಸಲಾಗ ಹುರದು ತಗದ ಪುಠಾಣಿ ನಾವು. ಮತ್ತ ಹುರಿಯಾಕ ಏನ ಉಳದೈತಿ?”

“ಹುರದದ್ದು ಮತ್ತ ಹುರದ್ರ ಕರ್ರಗಾಗತೈತೋ ಮಲೀಕಾ!”

“ಹುಣಸಿ ಬ್ಯಾಡವ್ವಾ,” ಎಂದು ಇಮಾಮಹುಸೇನ ನಡುವೆ ಬಾಯಿ ಹಾಕಿದ. “ಆ ಥಂಡಿಗೆ ಹುಣಸಿ ತಿಂದ್ರ ಎದಿ ಕಟ್ಟತೈತಿ. ಒಣಶುಂಠಿ, ಮೆಣಸು ಇಟಗೊಂಡೇನಿ. ಕೌದಿ ಅದಾವು. ಅಮೀನಗಡದಾಗ ಕರದಂಟು ತಗೊಂಡ್ರ ಮುಗೀತು. ಮೈಯಾಗ ಕಾವು ನಿಲ್ಲಬೇಕಲ್ಲ?”

ಗುರುಲಿಂಗವ್ವ ಉಡಿ ಬಿಚ್ಚಲೇ ಇಲ್ಲ. ತಿರುಗಿ ಮನೆಗೆ ಹೋದಳು.

ಗಾಡಿಯಲ್ಲಿ ಬಾಗಲಕೋಟೆ, ಅಲ್ಲಿಂದ ರೈಲು, ಮುಂಬಯಿಯಿಂದ ಹಡಗು. ಮಳೆಗಾಲದ ಕಡಲು ಹಡಗನ್ನು ಮೊರದಲ್ಲಿಯ ಕಾಳಿನಂತೆ ಕೇರಿತು. ವಾಂತಿ ಮಾಡಿ ಮಾಡಿ ಎಲ್ಲರ ಕರುಳು ಬಾಯಿಗೆ ಬಂದವು. ಅದನ್ನೂ ತಡೆದುಕೊಂಡರು. ಏಡನ್ ದಾಟಿ ಕೆಂಪು ಸಮುದ್ರಕ್ಕೆ ಬಂದೊಡನೆ ಗಾಳಿ ನಿಂತೇಹೋಯಿತು. ಕಡಲು ಕಾಯ್ದ ಎಣ್ಣೆಯಂತೆ ಮಿಸುಕದೆ ಬಿದ್ದಿತ್ತು. ಹಡಗಿನ ಕಬ್ಬಿಣದ ಅಟ್ಟದ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಕೌದಿಗಳು, ಒಣಶುಂಠಿ, ಕರದಂಟು ಎಲ್ಲ ಮೂಲೆಯಲ್ಲಿ ಕೂತು ಅವರನ್ನು ಅಣಕಿಸಿದವು. ಕರದಂಟು ತಿಂದ ಮಲೀಕಸಾಬನಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗಿ, ಮೂಗಿನಿಂದ ರಕ್ತ ಒಸರಿತು.

ಕಾಸಿಂಬಿ ಇಮಾಮಹುಸೇನನನ್ನು ಕೇಳಿದಳು: “ಇಮಾಮ ಭಾಯಿ, ಹಿಂದಕ ನೀವು ಬಂದಿದ್ರೆಲ್ಲ, ಆ ವರ್ಷ ಬಕ್ರೀದ ಬಂದಾಗ ಹೊಲದಾಗ ಏನಿತ್ತು?”

“ಏನಿತ್ತು... ಹಿಂಗಾರಿ ಜೋಳ ಮೊಳಕಾಲ ಮಟ ಇದ್ವು.”

“ಈ ವರ್ಷ?”

ಇಮಾಮಹುಸೇನ ಬೆರಳು ಮಡಿಚಿ ತಿಂಗಳು ಎಣಿಸಿದ. ಹಜ್ಜು ನಡೆಯುವುದು ಬಕ್ರೀದಿನ ತಿಂಗಳಲ್ಲಿ, ಈ ವರ್ಷ ಬಕ್ರೀದು ಬರುವುದು ಹೆಸರುಕಾಯಿ ಬಿಡಿಸುವ ಮಳೆಗಾಲಕ್ಕೆ. ಚಂದ್ರನ ಲೆಕ್ಕದ ಹಬ್ಬ ವರುಷ ವರುಷಕ್ಕೆ ಹಿಂದೆ ಹಿಂದೆ ಸರಿಯುತ್ತದೆ. ಮೊಹರಂ ಒಮ್ಮೆ ಮಳೆಗೆ ಬರುತ್ತದೆ, ಒಮ್ಮೆ ಬೇಸಗೆಗೆ ಬರುತ್ತದೆ. ಬೆಂಕಿಯ ಸುತ್ತ ಅಲಾವಿ ಕುಣಿಯುವ ಹುಡುಗರಿಗೂ ಇದು ಗೊತ್ತು. ಊರಲ್ಲಿ ಗೊತ್ತಿದ್ದ ಮಾತು ಪರದೇಶದ ಮಟ್ಟಿಗೆ ಯಾರ ತಲೆಗೂ ಹೊಳೆದಿರಲಿಲ್ಲ. ಹತ್ತು ವರ್ಷದ ಹಿಂದಿನ ಚಳಿಯನ್ನು ಗಂಟು ಕಟ್ಟಿಕೊಂಡು ಅವರು ಅಲ್ಲಿಯ ಉರಿಯುವ ಬೇಸಗೆಯೊಳಗೆ ಬಂದು ಬಿದ್ದಿದ್ದರು.

“ಯಾ ಅಲ್ಲಾ,” ಎಂದು ಇಮಾಮಹುಸೇನ ಹಣೆ ಬಡಿದುಕೊಂಡ. “ಭಾಬಿ, ನಿಮ್ಮನ್ನ ನಾನ ಕೊಂದೆ.”

“ಇನ್ನೂ ಸತ್ತಿಲ್ಲ, ಹಂಗ್ಯಾಕ ಅಂತೀರಿ?” ಎಂದಳು ಆಕೆ.

ಜಿದ್ದಾ ಹತ್ತಿರ ಬಂದಾಗ ಹಡಗು ಕೂಗು ಹಾಕಿತು. ಗಂಡಸರೆಲ್ಲ ಇಹರಾಮು ತೊಟ್ಟರು. ಬೇರೆಯವರ ಬಟ್ಟೆ ತೆಳ್ಳಗೆ, ಹೆಜ್ಜೆ ಇಟ್ಟರೆ ಆಡುತ್ತಿದ್ದವು. ಮಲೀಕಸಾಬನದು ಮೈಗೆ ತಗಡು ಸುತ್ತಿದಂತೆ ನಿಂತಿತು. ಒಳಗೆ ಬೆವರು ಹರಿದು ಹೊರಗೆ ಹೋಗಲು ದಾರಿ ಸಿಗದೆ, ಗಂಜಿಯೊಡನೆ ಕಲೆತು ಅಂಟಾಯಿತು. ಎರಡನೆಯ ದಿನಕ್ಕೆ ಕುತ್ತಿಗೆ, ಕಂಕುಳು, ತೊಡೆ ಎಲ್ಲ ಕೆಂಪು ಗುಳ್ಳೆ. ಉಜ್ಜಿ ಉಜ್ಜಿ ತೊಗಲು ಸುಲಿಯಿತು.

“ರೀ, ಒಂದ ಸಲ ತೊಳದ ಕೊಡ್ತೇನಿ. ದೇವರು ಒಲ್ಲೆ ಅಂತಾನೇನು?”

“ಮನ್ನತ ಹೊತ್ತಾಂವ ನಾನು, ನೀ ಅಲ್ಲ. ಸುಮ್ಮ ಕೂಡು.”

“ನೀರರ ಕುಡೀರಿ.”

“ಮಗ್ಗದ ಮ್ಯಾಲ ಕೂತಾಗ ಕುಡೀತಿದ್ನೇನ?”

ಜಿದ್ದಾದಿಂದ ಒಂಟೆಗಳ ಸಾಲು ಸಂಜೆ ಹೊರಟಿತು. ಒಂಟೆಯ ಎರಡು ಮಗ್ಗುಲಿಗೆ ಎರಡು ತೊಟ್ಟಿಲಿನಂಥ ಚಪ್ಪರ ಕಟ್ಟಿ, ಒಂದರಲ್ಲಿ ಗಂಡ, ಒಂದರಲ್ಲಿ ಹೆಂಡತಿ. ಹಾಸಿಗೆ, ಬಟ್ಟೆಬರೆಯ ಗಂಟುಗಳು ಮುಂದಿನ ಒಂಟೆಗಳ ಮೇಲೆ ಎಲ್ಲೋ ಹೋದವು. ಹೊತ್ತು ಏರುವಾಗ ನಡುದಾರಿಯ ಬಹ್ರಾ ಎಂಬಲ್ಲಿ ಇಳಿದರು. ಖರ್ಜೂರದ ಗರಿಯ ನಾಲ್ಕೆಂಟು ಗುಡಿಸಲು, ಒಂದು ಬಾವಿ. ಮೊದಲು ಬಂದವರು ಗುಡಿಸಲು ಹಿಡಿದುಬಿಟ್ಟಿದ್ದರು. ಇವರಿಗೆ ಸಿಕ್ಕಿದ್ದು ಕೂತ ಒಂಟೆಯ ನೆರಳು, ಒಂದು ಹರಕು ಚಾಪೆ, ಒಂದು ತೊಗಲಿನ ಚೀಲದಷ್ಟು ನೀರು. ಇಳಿಹೊತ್ತಿನ ನಮಾಜಾದೊಡನೆ ಸಾಲು ಮತ್ತೆ ಹೊರಡುತ್ತದೆ. ಒಂಟೆಯ ಮೇಲೆ ಕೂಡಲಾರದವನು ಅಲ್ಲೇ ಉಳಿಯಬೇಕು. ಅಲ್ಲಿ ಉಳಿದವರ ಗುರುತಾಗಿ ಉಸುಕಿನ ಸಣ್ಣ ಸಣ್ಣ ದಿಬ್ಬಗಳು ದಾರಿಯ ಪಕ್ಕಕ್ಕೆ ಕಾಣುತ್ತಿದ್ದವು.

ಬಿಸಿಲು ನೆತ್ತಿಗೆ ಬಂದಾಗ ಮಲೀಕಸಾಬ ಮಾತು ನಿಲ್ಲಿಸಿದ. ಕಾಸಿಂಬಿ ಅವನ ಹಣೆ ಮುಟ್ಟಿ ನೋಡಿದಳು. ರೊಟ್ಟಿಯ ಹಂಚು ಮುಟ್ಟಿದಂತಾಯಿತು. ಅದಕ್ಕಿಂತ ಹೆದರಿಕೆಯಾದದ್ದು ಬೇರೆ: ಮುಂಜಾನೆವರೆಗೆ ನೀರಾಗಿ ಸುರಿಯುತ್ತಿದ್ದ ಬೆವರು ಒಂದು ಹನಿಯೂ ಇರಲಿಲ್ಲ. ಮೈ ಒಣಗಿದ ಚಕ್ಕಳವಾಗಿತ್ತು.

“ರೀ... ಇಲ್ಲಿ ನೋಡ್ರಿ. ನಾ ಯಾರು?”

ಅವನ ಕಣ್ಣು ಆಕೆಯನ್ನು ಹಾಯ್ದು ಎಲ್ಲಿಗೋ ಹೋದವು. ಕಾಲುಗಳು ಉಸುಕಿನಲ್ಲಿ ಒಂದಾದ ಮೇಲೊಂದು ತುಳಿಯತೊಡಗಿದವು. ಬಲಗೈ ಇಲ್ಲದ ಲಾಳಿಯನ್ನು ಎಸೆಯಿತು, ಎಡಗೈ ಹಿಡಿಯಿತು.

“ಕಂಡಿಕಿ ಮುಗದೈತಿ. ಕಂಡಿಕಿ ತಾ. ಯಾಕ ತಡಾ ಮಾಡ್ತಿ?” ಎಂದ. ನಾಲಿಗೆ ತೊದಲುತ್ತಿತ್ತು.

ಕಾಸಿಂಬಿ ಎದ್ದು ಒಂಟೆಗಳ ಸಾಲಿನ ಕಡೆ ತಿರುಗಿದಳು. “ಇಮಾಮ ಭಾಯಿ!” ಎಂದು ಒದರಿದಳು. ಅವನು ಓಡಿ ಬಂದ. ಮೈ ಮುಟ್ಟಿ ನೋಡಿದ.

“ಬಿಸಿಲ ಬಡದೈತಿ. ಭಾಬಿ, ದುವಾ ಮಾಡ್ರಿ.”

“ದುವಾ ನೀವು ಮಾಡ್ರಿ. ಮೊದಲ ಈ ಹಲಗಿ ಮೈಯಿಂದ ತಗೀಬೇಕು. ಹಿಡೀರಿ.”

ಆದರೆ ಮಲೀಕಸಾಬ ಹೆಗಲಿನ ಬಟ್ಟೆಯನ್ನು ಎರಡೂ ಮುಷ್ಟಿಯಲ್ಲಿ ಬಿಗಿದು ಹಿಡಿದಿದ್ದ. ಇಬ್ಬರು ಸೇರಿ ಜಗ್ಗಿದರೂ ಬಿಡಲಿಲ್ಲ. ಜಗ್ಗಿದಷ್ಟೂ ಹಲ್ಲು ಕಚ್ಚಿ, ಒದ್ದಾಡಿ, ಬಿಸಿ ಉಸಿರು ಬಿಡುತ್ತಿದ್ದ. ಕಾಸಿಂಬಿ ಜಗ್ಗುವುದನ್ನು ಬಿಟ್ಟಳು. ಅವನ ಕಿವಿಯ ಹತ್ತಿರ ಬಾಗಿ, ಮನೆಯಲ್ಲಿ ಕಂಡಿಕೆ ಸುತ್ತುತ್ತ ಹೇಳುವ ದನಿಯಲ್ಲಿಯೇ ಹೇಳಿದಳು:

“ಅಯ್ಯ, ಅಂಚಿನ ಎಳಿ ಹರದೈತಲ್ರಿ. ಹಂಗ ನೇಯ್ದ್ರ ಬಟ್ಟಿ ಕೆಡತೈತಿ. ಕೊಡ್ರಿ ಇಲ್ಲಿ, ಗಂಟ ಹಾಕಿ ಕೊಡ್ತೇನಿ.”

ಮುಷ್ಟಿ ತಾನಾಗಿ ಸಡಿಲಾಯಿತು. “ಹಾಕು. ಗಂಟ ಕಾಣಬಾರದು ಮತ್ತ,” ಎಂದ.

ಆಕೆಯ ಕಣ್ಣಿಂದ ಬಳಬಳ ನೀರು ಬಂತು. ಒರೆಸಿಕೊಳ್ಳಲೂ ಹೊತ್ತಿರಲಿಲ್ಲ. ಬಟ್ಟೆ ಬಿಚ್ಚಿ, ತೊಗಲಿನ ಚೀಲದ ಬಾಯಿ ಬಿಚ್ಚಿದಳು.

“ಏನ ಮಾಡ್ತೀರಿ?” ಇಮಾಮಹುಸೇನ ಆಕೆಯ ಕೈ ತಡೆದ. “ಕುಡಿಯೂ ನೀರ ಅದು. ಮಕ್ಕಾ ಮುಟ್ಟೂತನಕ ಇದ ಒಂದ. ಮತ್ತ ಈ ಬಟ್ಟಿಗೆ ಮನ್ನತ ಐತಿ. ಮುರದ್ರ ಪಾಪ ಹತ್ತತೈತಿ.”

“ಪಾಪ ನನ್ನ ಕೊಳ್ಳಾಗ ಕಟ್ರಿ. ಗಂಡನ ಪಾಪ ಹೊತ್ತುಕೊಂಡು ತಿರಗತೇನಿ, ಗಂಡನ್ನ ಇಲ್ಲಿ ಹುಗದು ತಿರಗೂದಿಲ್ಲ.”

ನೀರು ಸುರಿದಳು. ಬಟ್ಟೆ ಕುಡಿಯಲಿಲ್ಲ. ಕೆಸವಿನ ಎಲೆಯ ಮೇಲಿನ ಹನಿಯಂತೆ ನೀರು ಉರುಳಿ ಉಸುಕಿಗೆ ಬಿದ್ದು ಕಾಣದಾಯಿತು. ಗಂಜಿ ಉಣಿಸಿದ ಬಿಗಿ ನೇಯ್ಗೆ. ಅವನು ಓಣಿಯವರಿಗೆ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಗಂಜಿ ಬಿಡುವಷ್ಟು ನೆನೆಸಿ ಒಗೆಯಲು ಬಾವಿಯೇ ಬೇಕು. ಬಾವಿಯ ಸುತ್ತ ಮಂದಿ ಇರುವೆಯಂತೆ ಮುತ್ತಿ, ಒಬ್ಬರನ್ನೊಬ್ಬರು ತುಳಿದುಕೊಳ್ಳುತ್ತಿದ್ದರು. ಆಕೆ ತನ್ನ ಸೆರಗನ್ನು ತೋಯಿಸಿ ಅವನ ಎದೆಗೆ ಹಾಕಿ ನೋಡಿದಳು. ಅದು ರೇಷ್ಮೆ, ತೋಯ್ದರೂ ಗಳಿಗೆಯಲ್ಲಿ ಒಣಗಿ ಗರಿಗರಿ ಆಯಿತು. ಇಮಾಮಹುಸೇನ ತನ್ನ ಹೆಗಲಿನ ಬಟ್ಟೆಯನ್ನು ಚಾಪೆಗೆ ಸಿಕ್ಕಿಸಿ ಮಲೀಕಸಾಬನ ತಲೆಗೆ ತಾಗದಂತೆ ನೆರಳು ಹಿಡಿದು ನಿಂತ. ಇಹರಾಮಿನಲ್ಲಿದ್ದವನ ತಲೆಗೆ ಬಟ್ಟೆ ಮುಟ್ಟಬಾರದು, ನೆರಳಿಗೆ ಅಡ್ಡಿ ಇಲ್ಲ.

ಆಗ ಕಾಸಿಂಬಿ ಬಟ್ಟೆಯ ಅಂಚನ್ನು ಬಾಯಿಗೆ ಹಾಕಿ ಹಲ್ಲಿನಿಂದ ಕಚ್ಚಿದಳು. ಗಂಡ ತನ್ನ ಕಫನಿಗೆಂದು ನೇಯ್ದ ಅಂಚು. ಕಚ್ಚಿ ಕಚ್ಚಿ ಹರಿದು, ಹೊಕ್ಕಿನ ಒಂದು ಎಳೆಯ ತುದಿ ಹಿಡಿದು ಎಳೆದಳು. ಬರಲಿಲ್ಲ, ತುಂಡಾಯಿತು. ಮತ್ತೊಂದು. ಅದೂ ತುಂಡಾಯಿತು. ಮೂರನೆಯದು ಸರ್ರನೆ ಬಂತು. ಗಂಜಿಯ ಪುಡಿ ಹಾರಿತು. ಎರಡು ಎಳೆ ತೆಗೆದು ಒಂದು ಬಿಟ್ಟಳು, ಮತ್ತೆ ಎರಡು ತೆಗೆದು ಒಂದು ಬಿಟ್ಟಳು. ಅವನು ಹಣಿಗೆಯಿಂದ ಬಡಿದು ಬಡಿದು ಕೂಡಿಸಿದ್ದನ್ನು ಆಕೆ ಎಳೆ ಎಳೆಯಾಗಿ ಬಿಡಿಸುತ್ತ ಹೋದಳು. ಬೆರಳಿನ ಸಂದು ಕೊಯ್ದು ಬಿಳಿ ನೂಲು ಅಲ್ಲಲ್ಲಿ ಕೆಂಪಾಯಿತು. ಮಲೀಕಸಾಬ ಮಗ್ಗುಲಿಗೆ ಬಿದ್ದುಕೊಂಡು ಇನ್ನೂ ತುಳಿಯುತ್ತಿದ್ದ. ತುಳಿತ ನಿಧಾನವಾಗುತ್ತಿತ್ತು. ನಿಂತರೆ ಏನೆಂದು ನೆನೆಯಲು ಆಕೆಗೆ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಒಂಟೆಯವನು ಬಂದ. ಬಿಸಿಲಿಗೆ ಕಪ್ಪಗಾದ ಒಣಕಲು ಅರಬ. ರೋಗಿಯನ್ನು ನೋಡಿದ, ಆಕಾಶ ನೋಡಿದ, ಏನೋ ಗೊಣಗಿದ. ಆಮೇಲೆ ಒಂಟೆಯ ನೆರಳಿನಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಉಸುಕು ತೋಡತೊಡಗಿದ. ಉದ್ದಕ್ಕೆ, ಆಳು ಮಲಗುವಷ್ಟು.

ಕಾಸಿಂಬಿ ನೂಲು ಬಿಸಾಕಿ ಅವನ ಮೇಲೆ ಬಿದ್ದಳು. “ಗೋರಿ ತೋಡ್ತೀಯೇನೋ ಖೋಡಿ! ಇನ್ನೂ ಉಸಿರೈತೋ! ಕಣ್ಣ ಇಲ್ಲೇನೋ ನಿನಗ?” ಎಂದು ಬೆನ್ನಿಗೆ ಗುದ್ದಿದಳು.

ಅವನಿಗೆ ಕನ್ನಡ ತಿಳಿಯಲಿಲ್ಲ, ಅಳು ತಿಳಿಯಿತು. ಸಿಟ್ಟಾಗಲಿಲ್ಲ. ಆಕೆಯ ಕೈಯ ಮೇಲೆ ತನ್ನ ತಲೆಯ ವಸ್ತ್ರದ ತುದಿ ಹಾಕಿ, ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, ತೋಡಿದ ಕುಣಿಯ ತಳಕ್ಕೆ ಒತ್ತಿದ. ತಳದ ಉಸುಕು ತಣ್ಣಗಿತ್ತು. ಮೇಲೆ ಭಟ್ಟಿ ಉರಿಯುತ್ತಿದ್ದರೂ ಮೊಳದಾಳದಲ್ಲಿ ನೆಲ ಇನ್ನೂ ರಾತ್ರಿಯನ್ನು ಹಿಡಿದುಕೊಂಡಿತ್ತು.

ಆಕೆ ಅವನ ಪಕ್ಕಕ್ಕೆ ಮೊಣಕಾಲೂರಿದಳು. ಆಮೇಲೆ ತಾನೂ ತೋಡತೊಡಗಿದಳು. ಮೂವರು ಸೇರಿ ಮಲೀಕಸಾಬನನ್ನು ಕುಣಿಯಲ್ಲಿ ಇಳಿಸಿದರು. ಎಳೆ ತೆಗೆದ ಬಟ್ಟೆ ಈಗ ಜರಡಿಯಂತಾಗಿತ್ತು. ನೀರು ಹಾಕಿದೊಡನೆ ಕುಡಿಯಿತು. ಅದನ್ನು ಎದೆಯ ಮೇಲೆ ಹಾಸಿದಳು. ಬಿಡಿಸಿದ ನೂಲಿನ ಮುದ್ದೆಗಳನ್ನು ತೋಯಿಸಿ ಕಂಕುಳಿಗೆ, ಕುತ್ತಿಗೆಗೆ, ತೊಡೆಸಂದಿಗೆ ಇಟ್ಟಳು. ಸುಡುವ ಗಾಳಿಯೇ ತೋಯ್ದ ಬಟ್ಟೆಯ ಸಂದಿಯಲ್ಲಿ ನುಸುಳಿ ತಂಪಾಯಿತು. ಒಂಟೆಯವನು ಚಾಪೆಯ ತುಂಡಿನಿಂದ ಬೀಸಿದ.

ಚೀಲದ ನೀರು ಮುಗಿಯಿತು. ಕಾಸಿಂಬಿ ಖಾಲಿ ಚೀಲವನ್ನು ಹಿಂಡಿದಳು, ತಿರುವಿ ಹಿಂಡಿದಳು. ಇಮಾಮಹುಸೇನ ಅಲ್ಲಿ ಇರಲಿಲ್ಲ. ಹೆದರಿ ತನ್ನ ಜನದೊಳಗೆ ಹೋಗಿಬಿಟ್ಟನೆಂದು ಆಕೆ ತಿಳಿದಳು. ಅಷ್ಟರಲ್ಲಿ ಅವನು ತನ್ನ ಚೀಲವನ್ನೇ ಹೊತ್ತು ತಂದು ಆಕೆಯ ಮುಂದೆ ಇಟ್ಟ.

“ಭಾಯಿ, ನೀವು ಏನ ಕುಡೀತೀರಿ?”

“ನಾ ತಂದ ಥಂಡಿ ಐತಲ್ಲ ಭಾಬಿ, ಅದನ್ನ ಕುಡೀತೇನಿ,” ಎಂದ. ತುಟಿ ಒಡೆದಿದ್ದವು. ಆ ಹೊತ್ತಿನಲ್ಲಿಯೂ ಆಕೆಗೆ ನಗು ಬಂದು ಅಳುವಿನೊಳಗೆ ಸಿಕ್ಕಿಕೊಂಡಿತು.

ಕಾಲಿನ ತುಳಿತ ನಿಂತುಬಿಟ್ಟಿತು. ಆಕೆ ಮೂಗಿನ ಹತ್ತಿರ ಕೈ ಹಿಡಿದಳು. ಉಸಿರು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಸತ್ತ ಕೂಸುಗಳ ಮೂಗಿನ ಮುಂದೆ ಹೀಗೆಯೇ ಕೈ ಹಿಡಿದ ಹೆಂಗಸು ಆಕೆ. ಪ್ರತಿ ಸಲವೂ ಕೈ ಬರಿದಾಗಿಯೇ ತಿರುಗಿತ್ತು. ಈ ಸಲ ಕೈ ತೆಗೆಯಲಿಲ್ಲ. ನೀರು ಹಾಕುವುದು, ಬೀಸುವುದು, ಮತ್ತೆ ಹಾಕುವುದು. ಬಿಸಿಲು ವಾಲಿತು. ಒಂಟೆಗಳ ಮೇಲೆ ಚಪ್ಪರ ಬಿಗಿಯುವ ಗದ್ದಲ ಸುರುವಾಯಿತು. ಒಂಟೆಯವನು ಕೈ ಮಾಡಿ ಹೊತ್ತು ತೋರಿಸಿದ. ಅವನ ಕಣ್ಣಲ್ಲಿ ಕರುಣೆ ಇತ್ತು, ಆದರೆ ಸಾಲು ಅವನ ಮಾತು ಕೇಳುವುದಲ್ಲ.

“ಹೋಗ್ರಿ ಭಾಯಿ,” ಎಂದಳು ಕಾಸಿಂಬಿ. “ನಾ ಇವರ ಜೋಡಿ ಇರ್ತೇನಿ.”

“ಇಬ್ಬರೂ ಸಾಯ್ತೀರಿ!”

“ಒಬ್ಬಾಕಿ ಹೋಗಿ ಇಳಕಲ್ಲಾಗ ಯಾರಿಗೆ ಕಂಡಿಕಿ ಸುತ್ತಲಿ?”

ಇಮಾಮಹುಸೇನ ನಮಾಜಿಗೆ ನಿಂತ. ಕಾಸಿಂಬಿ ಗಂಡನ ಹಣೆಯ ಮೇಲೆ ಕೈ ಇಟ್ಟುಕೊಂಡೇ ಕೂತಳು. ಬೆರಳಿಗೆ ಹಸಿ ತಾಗಿತು. ನೂಲಿನ ನೀರು ಇರಬೇಕೆಂದು ಒರೆಸಿದಳು. ಮತ್ತೆ ತಾಗಿತು. ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪು. ಬೆವರು.

“ಬೆವರ ಬಂತು! ಭಾಯಿ, ಬೆವರ ಬಂತು!” ಎಂದು ಆಕೆ ಕೂಗಿದ್ದಕ್ಕೆ ಸುತ್ತಲಿನ ಜನ ತಿರುಗಿ ನೋಡಿದರು. ಮಲೀಕಸಾಬ ಕಣ್ಣು ತೆರೆಯಲಿಲ್ಲ. ಆದರೆ ತುಟಿಗೆ ಹನಿಸಿದ ನೀರನ್ನು ನುಂಗಿದ. ಒಂಟೆಯವನು ಅವನನ್ನು ಕೂಸಿನಂತೆ ಎತ್ತಿ ಚಪ್ಪರದಲ್ಲಿ ಮಲಗಿಸಿ, ಬೀಳದಂತೆ ಹಗ್ಗದಿಂದ ಕಟ್ಟಿದ. ಒಂಟೆ ಎದ್ದಿತು.

ಅವನು ಮಕ್ಕಾ ಮುಟ್ಟಿದ, ಜೀವಂತ ಮುಟ್ಟಿದ. ಹೊರುವ ಆಳುಗಳ ಹೆಗಲಿನ ಮಂಚದ ಮೇಲೆ ಮಲಗಿಯೇ ಕಾಬಾ ಸುತ್ತಿದ. ಜಮ್‌ಜಮ್ ನೀರನ್ನು ಕಾಸಿಂಬಿಯೇ ಬಾಯಿಗೆ ಬಿಟ್ಟಳು. ಹಜ್ಜಿನ ದಿನ ಎಲ್ಲರೂ ಸೇರುವ ಅರಫಾತಿನ ಬಯಲಿನಲ್ಲಿಯೂ ಮಲಗಿಯೇ ಇದ್ದ, ಆಕೆ ನೆರಳು ಹಿಡಿದೇ ಇದ್ದಳು. ಹಜ್ಜು ಸಂದಿತು ಎಂದರು ಬಲ್ಲವರು. ತಿರುಗಿ ಬಂದ ಮೇಲೆ ಗುರುಲಿಂಗವ್ವ, “ದೇವರ ಮನ್ಯಾಗ ಏನೇನ ನೋಡಿದಿ ತಂಗೀ?” ಎಂದು ಕೇಳಿದಳು. “ಇವರ ಮಾರಿ ನೋಡಿದೆ ಯವ್ವಾ. ಮತ್ತೇನೂ ನೋಡ್ಲಿಲ್ಲ,” ಎಂದಳು ಕಾಸಿಂಬಿ.

ಜೀವ ಉಳಿಯಿತು, ಮನುಷ್ಯ ಪೂರ್ತಿ ಉಳಿಯಲಿಲ್ಲ. ಮಲೀಕಸಾಬನ ಕೈ ನಡುಗುತ್ತಿದ್ದವು. ಲಾಳಿ ಎಸೆದರೆ ಅದು ಹಾಸಿನ ನಡುವೆಯೇ ಬೀಳುತ್ತಿತ್ತು. ಹೆಂಗಸರು ಮಗ್ಗಕ್ಕೆ ಇಳಿಯುವ ರೂಢಿ ಆಗ ಆ ಓಣಿಯಲ್ಲಿ ಇರಲಿಲ್ಲ. ಕಾಸಿಂಬಿ ಇಳಿದಳು. ಅವನು ಕುಣಿಯ ದಂಡೆಯ ಮೇಲೆ ಕೂತು, ನಡುಗುವ ಬೆರಳಿನಲ್ಲಿ ಕಂಡಿಕೆ ಸುತ್ತಲು ಹೆಣಗುತ್ತಿದ್ದ. ಅದಕ್ಕೂ ಆಕೆ ದುಃಖಪಡಲಿಲ್ಲ. ಆಕೆಯನ್ನು ಸುಟ್ಟದ್ದು ಬೇರೆ.

ಓಣಿಯವರು “ಸಲಾಮ್ ಹಾಜಿಸಾಬ್ರ” ಎಂದರೆ ಅವನು ಕೋಲು ತೆಗೆದುಕೊಂಡು ಬೆನ್ನು ಹತ್ತುತ್ತಿದ್ದ. “ಹೋಗದಾಂವಗ ಹಾಜಿ ಅಂತೀರೇನಲೇ? ಬಡವನ್ನ ಕಂಡ್ರ ಚ್ಯಾಷ್ಟಿ ನಿಮಗ?” ಆಷಾಢದಲ್ಲಿ ಗಾಡಿ ಹತ್ತಿದ್ದು ಅವನಿಗೆ ನೆನಪಿತ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಹಡಗು, ಒಂಟೆ, ಕಾಬಾ, ಯಾವುದೂ ಇರಲಿಲ್ಲ.

ಬಾಗಲಕೋಟೆಯಿಂದ ನೂಲು ತಂದ ಇಮಾಮಹುಸೇನ ಒಂದು ದಿನ ಕೈ ಹಿಡಿದು ಹೇಳಿದ: “ಮಲೀಕಣ್ಣ, ನಾವು ಹೋಗಿ ಬಂದೇವಿ. ನೀ ಕಾಬಾ ಏಳು ಸುತ್ತ ಸುತ್ತಿದಿ. ನಾ ಕಣ್ಣಾರೆ ನೋಡೇನಿ.”

ಮಲೀಕಸಾಬ ಕಾಸಿಂಬಿಯ ಕಡೆ ತಿರುಗಿದ. “ಹೌದೇನ?”

“ಹೌದ್ರಿ. ಹೋಗಿ ಬಂದೇವಿ.”

ಅವನು ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟ. ಆಮೇಲೆ ಕೂಸಿನಂತೆ ಅಳತೊಡಗಿದ. “ಸುಳ್ಳ ಹೇಳಬ್ಯಾಡ್ರಿ. ನಾ ದೇವರ ಮನಿ ನೋಡಿದ್ರ ಮರೀತಿದ್ನೇನ? ಅಂಥಾ ಪಾಪಿ ಏನ ನಾನು? ನೋಡಿ ಮರೆಯೂವಂಥಾ ಪಾಪಿ?”

ಇಮಾಮಹುಸೇನ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಕಾಸಿಂಬಿ ಹಿಂದೆಯೇ ಬಂದಳು.

“ದೇವರ ಹತ್ರ ಬರದೈತಿ ಭಾಬಿ. ಅದು ಎಲ್ಲೂ ಹೋಗೂದಿಲ್ಲ,” ಎಂದ ಅವನು.

“ದೇವರ ಹತ್ರ ಇದ್ದರ ಇರಲಿ ಭಾಯಿ. ಇವರ ಹತ್ರ ಇಲ್ಲಲ್ಲ. ಇನ್ನ ಮ್ಯಾಲೆ ಹೋಗಿ ಬಂದೇವಿ ಅನಬ್ಯಾಡ್ರಿ. ಅವರ ಮುಂದ ಯಾರೂ ಅನಬ್ಯಾಡ್ರಿ.”

ಅಂದಿನಿಂದ ಓಣಿಯಲ್ಲಿ ಯಾರೂ ಅವನನ್ನು ಹಾಜಿ ಎಂದು ಕರೆಯಲಿಲ್ಲ. ಕರೆಯಬಾರದೆಂದು ಆಕೆ ಮನೆ ಮನೆಗೆ ಹೋಗಿ ಕೈ ಮುಗಿದು ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಲೀಕಸಾಬ ಕಂಡಿಕೆ ಬದಿಗಿಟ್ಟು ದಿನಾ ಒಂದೇ ಮಾತು ಕೇಳುತ್ತಿದ್ದ.

“ಹಜ್ಜಿಗೆ ಎಂದ ಹೊಂಡೂದು?”

ಕಾಸಿಂಬಿ ಲಾಳಿ ನಿಲ್ಲಿಸದೆ ಹೇಳುತ್ತಿದ್ದಳು: “ಹೋಗೂಣ್ರಿ. ಬಿಸಿಲು ಒಂದೀಟು ಇಳೀಲಿ.”

ಅಷ್ಟು ಕೇಳಿದರೆ ಸಾಕು, ಅವನು ನೆಮ್ಮದಿಯಿಂದ ಕೈ ತೊಳೆದು ರೊಟ್ಟಿಗೆ ಕೂಡುತ್ತಿದ್ದ. ಆಕೆ ಮಾತ್ರ ಮಗ್ಗದಿಂದ ಏಳದೆ ಮತ್ತೊಂದು ಎಳೆ ಹಾಯಿಸುತ್ತಿದ್ದಳು.